ಕಲಕದ ಪಾಕ

ಬಿಳಿಗೆರೆ
19 ಆಗಸ್ಟ್ 2024

ಶೆಟ್ಟಿಕೆರೆಯ ಸಿದ್ದಗಂಗಮ್ಮನವರಿಗೆ ಗಿರಿಜಾಂಬಿಕಾಳ ಶರಣು.

ಕಾಗದದ ತಲೆಯ ಮೇಲೆ ‘ಕ್ಷೇಮ’ ಎಂದು ಬರೆಯುವುದು ವಾಡಿಕೆ. ಬರೆಯಲು ಹೋಗಿ ಬಿಟ್ಟೆ, ತಪ್ಪು ತಿಳಿಯಬೇಡಿ. ಫೋನ್ ಮಾಡಬಹುದಿತ್ತು. ಹೋದ ಸಲ ಫೋನಿನಲ್ಲಿ ಬೀಗಿತ್ತಿಯರಿಬ್ಬರೂ ಆಡಿಕೊಂಡ ಮಾತು ನಿಮಗೂ ನೆನಪಿದೆ, ನನಗೂ ನೆನಪಿದೆ. ಅದೂ ಅಲ್ಲದೆ ಫೋನ್ ಸದ್ದಾದರೆ ಸಾಕು, ಗಾನವಿ ಎಲ್ಲಿದ್ದರೂ ಬಂದು ನನ್ನ ಪಕ್ಕ ನಿಲ್ಲುತ್ತಾಳೆ. ಯಾರೆಂದು ಕೇಳುವುದಿಲ್ಲ. ಯಾರ ದನಿ ಎಂದು ಗೊತ್ತಾದ ಮೇಲೆ ಹೊರಟುಹೋಗುತ್ತಾಳೆ. ಅದಕ್ಕೇ ಈ ಕಾಗದ.

ನಿಮ್ಮ ಮಗಳು ವಿನುತಾ ಹೋದಾಗಿನಿಂದ ಮಗು ಅತ್ತಿಲ್ಲ. ಮಣ್ಣು ಮಾಡಿದ ದಿನ ನೀವೇ ನೋಡಿದಿರಿ. ಈಗಲೂ ಹಾಗೆಯೇ ಇದ್ದಾಳೆ. ಶಾಲೆಗೆ ಹೋಗುತ್ತಾಳೆ, ಬರುತ್ತಾಳೆ, ತಟ್ಟೆಗೆ ಹಾಕಿದ್ದನ್ನು ತಿನ್ನುತ್ತಾಳೆ. ‘ಅಮ್ಮ’ ಎನ್ನುವುದನ್ನು ಬಿಟ್ಟಿದ್ದಾಳೆ. ‘ಬೇಕು’ ಎನ್ನುವುದನ್ನೂ ಬಿಟ್ಟಿದ್ದಳು. ನನ್ನ ಮಗ ರೇಣುಕಪ್ರಸಾದ ಆಟದ ಸಾಮಾನು ತಂದರೆ ತೆಗೆದುಕೊಂಡು ಮೂಲೆಯಲ್ಲಿ ಇಡುತ್ತಾಳೆ, ಅಷ್ಟೇ. ಹೋದ ವಾರ ತಿಪಟೂರಿನಲ್ಲಿ ಸೇಬಿನ ಗಾಡಿಯ ಮುಂದೆ ನಿಂತವಳು, “ಕೆಂಪು ಸೇಬು ಬೇಕು ಅಜ್ಜಿ. ಬರೀದಲ್ಲ. ಕಡ್ಡಿ ಚುಚ್ಚಿ ಪಾಕ ಹಾಕಿರೋದು. ಕಟುಂ ಅಂತದಲ್ಲ, ಅದು” ಎಂದಳು.

ಅದೇನೆಂದರೆ, ಇಡೀ ಸೇಬಿನ ಮೇಲೆ ಕೆಂಪು ಸಕ್ಕರೆ ಪಾಕ ಗಾಜಿನ ಹಾಗೆ ಗಟ್ಟಿ ಕೂತಿರುತ್ತದೆ. ವಿನುತಾ ಎಲ್ಲೋ ನೋಡಿಕೊಂಡು ಮಗುವಿನ ಹುಟ್ಟುಹಬ್ಬಕ್ಕೆ ಮಾಡುತ್ತಿದ್ದಳು. ನಾನು ನಡುಮನೆಯಲ್ಲಿ ಟಿವಿ ಮುಂದೆ ಇರುತ್ತಿದ್ದೆ, ಮಾಡುವುದನ್ನು ನೋಡಲಿಲ್ಲ. ಮೊನ್ನೆ ನಾನೇ ಮಾಡಿದೆ. ಪಾಕ ಎಳೆ ಬಂದ ಕೂಡಲೇ ಇಳಿಸಿ ಅದ್ದಿದೆ. ಎಲ್ಲ ಜಾರಿ ತಟ್ಟೆಗೆ ಇಳಿಯಿತು. ಗಾನವಿ ಬೆರಳಿನಲ್ಲಿ ಮುಟ್ಟಿ ನೋಡಿ, ಬೆರಳನ್ನು ಲಂಗಕ್ಕೆ ಒರೆಸಿಕೊಂಡು ಹೋದಳು.

ಸಂಕ್ರಾಂತಿ ಬಂದರೆ ಸುತ್ತಿನ ಊರಿನವರೆಲ್ಲ ನಿಮ್ಮ ಕೈಯ ಸಕ್ಕರೆ ಅಚ್ಚಿಗೆ ಕಾಯುತ್ತಾರೆ ಎಂದು ವಿನುತಾ ಹೇಳುತ್ತಿದ್ದಳು. ನಿಮ್ಮಿಂದಲೇ ಕಲಿತಿರಬೇಕು. ಹೇಗೆಂದು ಬರೆಯಿರಿ. ನವೆಂಬರ್ ನಾಲ್ಕಕ್ಕೆ ಗಾನವಿಗೆ ಏಳು ತುಂಬುತ್ತದೆ. ಆವತ್ತು ಒಂದಾದರೂ ಸರಿಯಾದ ಸೇಬನ್ನು ಅವಳ ಕೈಗೆ ಕೊಡಬೇಕು. ಇಷ್ಟು ತಿಂಗಳಲ್ಲಿ ಅವಳು ಕೇಳಿದ್ದು ಅದೊಂದೇ.

ಗಿರಿಜಾಂಬಿಕಾ


ಶೆಟ್ಟಿಕೆರೆ
10 ಸೆಪ್ಟೆಂಬರ್ 2024

ಗಿರಿಜಾಂಬಿಕಾ ಅವರಿಗೆ,

ನಿಮ್ಮ ಕಾಗದ ಬಂದು ಬಹಳ ದಿನವಾಯಿತು. ಗೌರಿ ಹಬ್ಬ ಕಳೆಯಲಿ ಎಂದು ಸುಮ್ಮನಿದ್ದೆ. ಈ ವರ್ಷ ಬಾಗಿನ ಕಟ್ಟುವ ಕೆಲಸವಿರಲಿಲ್ಲ. ಹೋದ ವರ್ಷದ ಮೊರ ಅಟ್ಟದ ಮೇಲೇ ಇದೆ.

ನಿಮ್ಮ ಕಾಗದದಿಂದ ನನಗೆ ಒಂದು ವಿಷಯ ತಿಳಿಯಿತು. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಪಾಕ ಇಡುವುದಿಲ್ಲ. ನಮ್ಮಲ್ಲೂ ಇಲ್ಲ, ನಿಮ್ಮಲ್ಲೂ ಇಲ್ಲ. ನಡುವೆ ಇಟ್ಟರೆಂದರೆ ಲಗ್ನ ಗೊತ್ತಾಗಿದೆ, ಅದಕ್ಕೆ ವರ್ಷ ಮುರಿದಿದ್ದಾರೆ ಎಂದು ಊರೇ ಅರ್ಥ ಮಾಡಿಕೊಳ್ಳುತ್ತದೆ. ವಿನುತಾ ಹೋದದ್ದು ಯುಗಾದಿ ಆದ ಮೇಲೆ. ನೀವು ಶ್ರಾವಣದಲ್ಲೇ ಪಾಕ ಇಟ್ಟಿದ್ದೀರಿ, ಮಗುವಿನ ಹೆಸರು ಹೇಳಿ ಇಟ್ಟಿದ್ದೀರಿ. ನಾನು ಕಿವಿಯಲ್ಲಿ ಹೂ ಇಟ್ಟುಕೊಂಡಿಲ್ಲ.

ಹುಡುಗಿ ಯಾವ ಊರಿನವಳು? ರೇಣುಕಪ್ರಸಾದರು ಒಪ್ಪಿದ್ದಾರೆಯೇ? ಬರುವವಳು ಗಾನವಿಯನ್ನು ನೋಡಿಕೊಳ್ಳುತ್ತಾಳೋ ಅಥವಾ ನಾನು ಬಂದು ಕರೆದುಕೊಂಡು ಹೋಗಬೇಕೋ? ಮೊದಲು ಅದನ್ನು ಬರೆಯಿರಿ, ಆಮೇಲೆ ಸೇಬಿನ ಮಾತು.

ಎಳೆ ಪಾಕಕ್ಕೆ ಅದ್ದಿದರೆ ಜಾರದೆ ಇನ್ನೇನಾಗುತ್ತದೆ. ಅದು ಜಾಮೂನಿನ ಪಾಕ.

ಸಿದ್ದಗಂಗಮ್ಮ


ಬಿಳಿಗೆರೆ
14 ಸೆಪ್ಟೆಂಬರ್ 2024

ಸಿದ್ದಗಂಗಮ್ಮನವರಿಗೆ,

ಹುಡುಗಿ ಯಾವ ಊರಿನವಳೂ ಅಲ್ಲ. ಲಗ್ನ ಗೊತ್ತಾಗಿಲ್ಲ.

ಪಾಕ ಇಟ್ಟದ್ದು ನಿಜ. ಮನೆಯೊಳಗೆ ಇಡಲಿಲ್ಲ. ತೋಟದಲ್ಲಿ ಕೊಬ್ಬರಿ ಶೆಡ್ಡಿನ ಪಕ್ಕ ಮೂರು ಕಲ್ಲು ಹೂಡಿ, ಕರಟದ ಬೆಂಕಿಯಲ್ಲಿ ಇಟ್ಟೆ. ನಮ್ಮ ಯಜಮಾನರು ನೋಡಿದರು. “ಒಲೆ ಹೊರ್ಗಿದ್ರೆ ವರ್ಷ ಮುರಿಯಲ್ವೇನೇ?” ಎಂದರು. “ಮುರಿಯಲ್ಲ ಕಣ್ರೀ” ಎಂದೆ. ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಕೊಬ್ಬರಿ ಚೀಲ ನೋಡಲು ಹೋದರು. ಅವರೂ ಈಗ ಹೆಚ್ಚು ಮಾತಾಡುವುದಿಲ್ಲ. ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಜಗಳವೂ ಇಲ್ಲ. ಊಟ, ನಿದ್ದೆ, ತೋಟಕ್ಕೆ ನೀರು, ಎಲ್ಲ ಹೊತ್ತಿಗೆ ಸರಿಯಾಗಿ ಆಗುತ್ತಿದೆ.

ವಿನುತಾಗೆ ಜ್ವರ ಬಂದಾಗ ಮನೆಯಲ್ಲೇ ಮಾತ್ರೆ ಕೊಟ್ಟುಕೊಂಡು ಕೂತಿರಿ, ಆಸ್ಪತ್ರೆಗೆ ತಡವಾಗಿ ಸೇರಿಸಿದಿರಿ ಎಂದು ನೀವು ಫೋನಿನಲ್ಲಿ ಹೇಳಿದಿರಿ. ಹೌದು. ಆ ದಿನ ಫೋನ್ ಇಟ್ಟದ್ದು ಸಿಟ್ಟಿನಿಂದಲ್ಲ, ಉತ್ತರವಿಲ್ಲದ್ದಕ್ಕೆ. ಆ ಮಾತು ನಮ್ಮಿಬ್ಬರ ನಡುವೆ ಇದ್ದೇ ಇರುತ್ತದೆ, ಇರಲಿ. ಸೇಬು ಕೇಳಿದ್ದು ಮಗು.

ಇನ್ನೊಂದು ಸಲ ಇಟ್ಟೆ. ಎಳೆ ಬಂದ ಮೇಲೂ ಕಾಯಿಸಿದೆ. ಕರಟದ ಬೆಂಕಿ ನಿಮಗೆ ಗೊತ್ತಲ್ಲ, ಒಮ್ಮೆಗೇ ಎದ್ದು ಪಾಕ ಕಂದಿ ಕಹಿಯಾಯಿತು. ಗಾನವಿ ಈ ಸಲ ಹತ್ತಿರವೂ ಬರಲಿಲ್ಲ, ಶೆಡ್ಡಿನ ಬಾಗಿಲಲ್ಲೇ ನಿಂತು ನೋಡಿದಳು. ಮೂರನೆಯ ಸಲಕ್ಕೆ ನಿಂತು ನೋಡುತ್ತಾಳೋ ಇಲ್ಲವೋ ಎಂದು ನನಗೆ ಭಯವಾಗುತ್ತಿದೆ.

ಬೇಡ ಎನ್ನುವುದಾದರೆ ಅದನ್ನಾದರೂ ಬರೆಯಿರಿ.

ಗಿರಿಜಾಂಬಿಕಾ


ಶೆಟ್ಟಿಕೆರೆ
2 ಅಕ್ಟೋಬರ್ 2024

ಬೀಗಿತ್ತಿಯವರಿಗೆ,

ಮೊದಲು ಕರಟ ಬಿಡಿ. ಕರಟದ ಬೆಂಕಿಯಲ್ಲಿ ಪಾಕ ಇಟ್ಟವರನ್ನು ನಾನು ಈ ವಯಸ್ಸಿನವರೆಗೆ ನೋಡಿರಲಿಲ್ಲ. ಹೊರಗೇ ಇಡಬೇಕೆಂದರೆ ಗ್ಯಾಸ್ ಒಲೆಯನ್ನೇ ಹೊರಗೆ ಇಟ್ಟುಕೊಳ್ಳಿ. ಉರಿ ಸಣ್ಣಗಿರಲಿ.

ಸಕ್ಕರೆ ಎರಡು ಲೋಟ, ನೀರು ಒಂದು ಲೋಟ. ಕುದಿ ಬಂದಾಗ ಒಂದು ಚಮಚ ಹಾಲು ಬಿಡಿ, ಕೊಳೆಯೆಲ್ಲ ಮೇಲೆ ಬರುತ್ತದೆ. ಅದನ್ನು ತೆಗೆದು ಬಟ್ಟೆಯಲ್ಲಿ ಸೋಸಿ ಮತ್ತೆ ಇಡಿ. ಒಂದೆಳೆಗೆ ನಿಲ್ಲಿಸಬೇಡಿ, ಎರಡೆಳೆಗೂ ನಿಲ್ಲಿಸಬೇಡಿ. ಎಳೆ ಮೀರಿ ಉಂಡೆ ಕಟ್ಟುವ ಹದ ಬಂದ ಮೇಲೆ ಸೌಟು ಹಾಕಿ ಕಲಕಬೇಕು. ಕಲಕುವ ಕೈ ನಿಲ್ಲಬಾರದು. ಫೋನ್ ಬಂತು, ಬೆಕ್ಕು ಬಂತು ಎಂದು ಕೈ ಬಿಟ್ಟಿರೋ, ಪಾಕ ಕೆಟ್ಟಿತು. ನಲವತ್ತು ವರ್ಷ ಅಚ್ಚು ಹೊಯ್ದ ಕೈ ಹೇಳುತ್ತಿದೆ, ಕಲಕುವುದರಲ್ಲೇ ಎಲ್ಲ ಇರುವುದು. ಬಣ್ಣವನ್ನು ಕೊನೆಗೆ ಹಾಕಿ, ಕೇಸರಿಬಾತಿಗೆ ಹಾಕುವುದಲ್ಲ, ಕೆಂಪು ಕೇಳಿ ತನ್ನಿ.

ಕಡ್ಡಿಗೆ ಪೊರಕೆ ಕಡ್ಡಿ ಸಾಲುವುದಿಲ್ಲ, ಸೇಬಿನ ಭಾರಕ್ಕೆ ಬಾಗುತ್ತದೆ. ತೆಂಗಿನ ಗರಿಯ ದಪ್ಪ ದಿಂಡಿನಿಂದ ಸೀಳಿ ಬೆರಳಿನಷ್ಟು ಮಾಡಿಸಿಕೊಳ್ಳಿ.

ಲಗ್ನದ ವಿಷಯ ನೀವು ಬರೆದದ್ದನ್ನು ನಂಬಿದ್ದೇನೆ.

ಮಗು ಈಗ ಎಷ್ಟೆತ್ತರ ಬಂದಿದ್ದಾಳೆ? ಬೇಡ, ಅದೆಲ್ಲ ಬರೆಯಬೇಡಿ. ಓದಿದ ಮೇಲೆ ನನಗೆ ಕೆಲಸ ಸಾಗುವುದಿಲ್ಲ.

ಸಿದ್ದಗಂಗಮ್ಮ


ಬಿಳಿಗೆರೆ
14 ಅಕ್ಟೋಬರ್ 2024

ಬೀಗಿತ್ತಿಯವರಿಗೆ,

ಆಯುಧ ಪೂಜೆಯ ರಜೆಯಲ್ಲಿ, ಗಾನವಿ ಮನೆಯಲ್ಲೇ ಇದ್ದಾಗ, ನೀವು ಹೇಳಿದ ಹಾಗೆಯೇ ಮಾಡಿದೆ. ಗ್ಯಾಸ್ ಒಲೆಯನ್ನು ಶೆಡ್ಡಿನ ಹತ್ತಿರ ಹೊತ್ತು ತಂದೆವು. ಹಾಲು ಬಿಟ್ಟೆ, ಸೋಸಿದೆ, ತೋಳು ನೋವು ಬರುವ ತನಕ ಕಲಕಿದೆ. ಅದ್ದಿ ತೆಗೆದ ಸೇಬಿನ ಮೇಲೆ ಪಾಕ ಗಟ್ಟಿಯಾಗಿ ಕೂತಿತು, ಜಾರಲಿಲ್ಲ. ಆದರೆ ಗಾಜಿನ ಹಾಗಲ್ಲ. ಕೆಂಪು ಬಣ್ಣ ತಿಳಿಗುಲಾಬಿಯಾಗಿ, ಗೋಡೆಗೆ ಸುಣ್ಣ ಬಳಿದಂತೆ ಮಂಕಾಗಿ ನಿಂತಿತು. ನಿಮ್ಮ ಸಕ್ಕರೆ ಅಚ್ಚು ಹೇಗಿರುತ್ತದೋ ಥೇಟ್ ಹಾಗೆ.

ಗಾನವಿ ಒಲೆಯ ಪಕ್ಕಕ್ಕೆ ಬಂದಳು. “ಅಜ್ಜಿ, ಸೌಟು ಯಾಕೆ ಹಾಕ್ದೆ?” ಎಂದಳು.

“ಶೆಟ್ಟಿಕೆರೆ ಅಜ್ಜಿ ಬರ್ದವ್ರೆ ಕಣವ್ವ, ಕಲುಕ್ತಾನೇ ಇರ್ಬೇಕು ಅಂತ.”

“ಅಮ್ಮ ಕಲುಕ್ತಿರ್ಲಿಲ್ಲ. ಪಾಕನ ಮುಟ್ಬಾರ್ದು, ಅದ್ರ ಪಾಡಿಗೆ ಅದು ಕಾಯ್ಲಿ ಬುಡು ಅಂತಿದ್ಲು. ಕೈ ಹಿಂದ್ಕೆ ಕಟ್ಕೊಂಡು ನಿಂತಿರ್ತಿದ್ಲು. ನಂಗೂ ಕಟ್ಕೋ ಅಂತಿದ್ಲು.”

ಅಮ್ಮ ಎಂದಳು, ಏಪ್ರಿಲ್‌ನಿಂದ ಇದೇ ಮೊದಲು. ನಾನು ಸೌಟು ಕೆಳಗಿಟ್ಟೆ. ನನಗೆ ಸಂತೋಷವಾಗಬೇಕಿತ್ತು, ಇಲ್ಲ ಅಳು ಬರಬೇಕಿತ್ತು. ಎರಡೂ ಆಗಲಿಲ್ಲ. ಅವಳು ಹೇಳುತ್ತಲೇ ಹೋದಳು. ಸೇಬನ್ನು ಬಿಸಿನೀರಿನಲ್ಲಿ ಮುಳುಗಿಸಿ ಉಜ್ಜಿ ಒರೆಸಬೇಕಂತೆ, ಅಂಗಡಿಯವರು ಮೇಣ ಬಳಿದಿರುತ್ತಾರಂತೆ, ಅದು ಇದ್ದರೆ ಪಾಕ ಹಿಡಿಯುವುದಿಲ್ಲವಂತೆ. ಪಾಕಕ್ಕೆ ಹಾಲಲ್ಲ, ನಾಲ್ಕು ತೊಟ್ಟು ನಿಂಬೆರಸವಂತೆ. ಕೇಳಿದರೆ ಇಷ್ಟೆಲ್ಲ ಹೇಳುತ್ತಿದ್ದಳೇನೋ. ನಾವ್ಯಾರೂ ಅವಳ ಎದುರಿಗೆ ವಿನುತಾಳ ಹೆಸರು ಎತ್ತಿರಲಿಲ್ಲ.

ಹೋದ ಸಲ ಬರೆಯದ ಒಂದು ಮಾತಿದೆ. ಆಷಾಢ ಕಳೆದ ಮೇಲೆ ನಮ್ಮ ದಾಯಾದಿ ತೋಂಟದಾರ್ಯ ಒಂದು ಸಂಬಂಧದ ಸುದ್ದಿ ತಂದಿದ್ದರು. ಮಗ ಪ್ರಸಾದ ಊಟದ ತಟ್ಟೆ ಬಿಟ್ಟು ಎದ್ದು ತೋಟಕ್ಕೆ ಹೋದ. ಮತ್ತೆ ಯಾರೂ ಆ ಮಾತು ಆಡಿಲ್ಲ. ಲಗ್ನ ಗೊತ್ತಾಗಿಲ್ಲ ಎಂದು ನಾನು ಬರೆದದ್ದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಪಾಕದ ಹದ ಎಲ್ಲಿಗೆ ನಿಲ್ಲಿಸಬೇಕೆಂದು ಗಾನವಿಗೆ ಗೊತ್ತಿಲ್ಲ. “ಅಮ್ಮಂಗೆ ಗೊತ್ತು” ಎಂದಳು. ಅದನ್ನು ನೀವೇ ಹೇಳಬೇಕು.

ಗಿರಿಜಾಂಬಿಕಾ


ಶೆಟ್ಟಿಕೆರೆ
21 ಅಕ್ಟೋಬರ್ 2024

ಗಿರಿಜಕ್ಕಾ,

ನಾನು ಆ ಸೇಬನ್ನು ಕಣ್ಣಿನಿಂದ ನೋಡಿಲ್ಲ. ವಿನುತಾ ಮಾಡುತ್ತಿದ್ದಳೆಂದು ನಿಮ್ಮ ಮೊದಲ ಕಾಗದದಿಂದಲೇ ನನಗೆ ತಿಳಿದದ್ದು. ಗೊತ್ತಿಲ್ಲ ಎಂದು ಬರೆಯಲು ಮನಸ್ಸು ಬರಲಿಲ್ಲ. ನನಗೆ ಬರುವುದು ಅಚ್ಚಿನ ಪಾಕ, ಅದನ್ನೇ ಬರೆದೆ. ಅಚ್ಚಿಗೆ ಬೆಳ್ಳಗಾಗಬೇಕು, ಅದಕ್ಕೆ ಕಲಕುವುದು. ಗಾಜಾಗಬೇಕೆಂದರೆ ಕಲಕಬಾರದು ಎಂದು ಈಗ ಯೋಚಿಸಿದರೆ ಹೊಳೆಯುತ್ತದೆ.

ವಿನುತಾ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದಳು ಎಂದು ಬರೆದಿರಿ. ಸಣ್ಣವಳಿದ್ದಾಗ ಅಚ್ಚು ಹೊಯ್ಯುವ ಹೊತ್ತಿಗೆ ಒಲೆಯ ಹತ್ತಿರ ಬರುತ್ತಿದ್ದಳು. “ಕೈ ಹಿಂದ್ಕೆ ಕಟ್ಕೊಂಡು ನಿಂತ್ಕಳೇ, ಸುಟ್ಕೊಂಡೀಯ” ಎಂದು ನಾನು ಗದರುತ್ತಿದ್ದೆ. ನನ್ನಿಂದ ಅವಳು ಪಾಕ ಕಲಿಯಲಿಲ್ಲ. ಕಲಿತದ್ದು ಅದೊಂದು. ಆ ಸಾಲನ್ನು ಬಹಳ ಸಲ ಓದಿದೆ.

ನಿನ್ನೆ ನಾನೂ ಪಾಕ ಇಟ್ಟೆ. ಹೊರಗಲ್ಲ, ಒಳಗೇ. ಯಾರೇನು ಅಂದುಕೊಳ್ಳುತ್ತಾರೋ ಅಂದುಕೊಳ್ಳಲಿ. ಕೈ ಕಟ್ಟಿಕೊಂಡು ನಿಂತೆ. ನಲವತ್ತು ವರ್ಷ ಕಲಕಿದ ಕೈಗೆ ಅದೇ ಕಷ್ಟವಾಯಿತು. ಹದ ಹೇಳುತ್ತೇನೆ, ಕೇಳಿ. ಮೊದಲು ಗುಳ್ಳೆ ದೊಡ್ಡದಾಗಿ ಬೇಗ ಬೇಗ ಏಳುತ್ತದೆ. ಆಮೇಲೆ ಸಣ್ಣದಾಗಿ, ಒತ್ತೊತ್ತಾಗಿ, ನಿಧಾನವಾಗುತ್ತದೆ. ಆಗ ಒಂದು ತೊಟ್ಟನ್ನು ತಣ್ಣೀರಿಗೆ ಬಿಡಿ. ತೆಗೆದು ಸ್ಟೀಲ್ ತಟ್ಟೆಗೆ ಹಾಕಿದರೆ ಟಣ್ ಎನ್ನಬೇಕು. ಮುರಿದರೆ ಪಟ್ಟೆಂದು ಮುರಿಯಬೇಕು, ಬಾಗಬಾರದು. ಅಷ್ಟೇ ಹದ, ಒಂದು ಗಳಿಗೆ ಮೀರಿದರೂ ಕಂದುತ್ತದೆ. ಇಳಿಸಿ, ಬಣ್ಣ ಬಿಟ್ಟು, ಪಾತ್ರೆಯನ್ನೇ ಓರೆ ಮಾಡಿ ಸೇಬನ್ನು ಒಂದೇ ಸುತ್ತು ತಿರುಗಿಸಿ ತೆಗೆಯಿರಿ. ಇಡುವ ತಟ್ಟೆಗೆ ಕೊಬ್ಬರಿ ಎಣ್ಣೆ ಸವರಿರಿ. ಮಗು ದೂರ ಇರಲಿ. ಆ ಪಾಕ ಮೈಗೆ ಸಿಡಿದರೆ ಚರ್ಮ ಬಿಡುವುದಿಲ್ಲ.

ನನ್ನ ಪಾಕ ಗಾಜಾಯಿತು. ಬಾಯಿಗೆ ಹಾಕಿಕೊಳ್ಳಲಿಲ್ಲ. ವಿನುತಾ ಹೋದ ಮೇಲೆ ನಾನು ಸಿಹಿ ಬಿಟ್ಟಿದ್ದೇನೆ.

ತೋಂಟದಾರ್ಯರ ವಿಷಯ ಬರೆದದ್ದು ಒಳ್ಳೆಯದಾಯಿತು. ಬೇರೆಯವರ ಬಾಯಿಂದ ಕೇಳಿದ್ದರೆ ನಾನು ಇನ್ನೊಂದು ಕಾಗದ ಬರೆಯುತ್ತಿರಲಿಲ್ಲ.

ಸಿದ್ದಗಂಗಮ್ಮ


ಬಿಳಿಗೆರೆ
5 ನವೆಂಬರ್ 2024

ಸಿದ್ದಗಂಗಕ್ಕಾ,

ನಿನ್ನೆ ಗಾನವಿಗೆ ಏಳು ತುಂಬಿತು. ಒಲೆಯನ್ನು ಒಳಗೇ ಹಚ್ಚಿದೆ. ಯಜಮಾನರು ಒಂದು ಕುರ್ಚಿ ಎಳೆದುಕೊಂಡು ಅಡುಗೆಮನೆ ಬಾಗಿಲಲ್ಲಿ ಕೂತರು. ಪ್ರಸಾದ ಕಡ್ಡಿ ಸೀಳಿಕೊಟ್ಟ. ಪಾಕ ಕುದಿಯುವಾಗ ನಾನು, ಅವನು, ಗಾನವಿ ಮೂವರೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆವು. ಯಾರಾದರೂ ಬಂದು ನೋಡಿದ್ದರೆ ಶಾಲೆಯ ಪ್ರಾರ್ಥನೆ ನಡೆಯುತ್ತಿದೆ ಎಂದುಕೊಳ್ಳುತ್ತಿದ್ದರು.

ತೊಟ್ಟು ಟಣ್ ಎಂದಿತು. ಆರು ಸೇಬಿನಲ್ಲಿ ಐದು ಸರಿ ಬಂದವು. ಗಾನವಿ ಒಂದನ್ನು ತೆಗೆದುಕೊಂಡು ಉಗುರಿನಿಂದ ಬಡಿದು ಕಿವಿಯ ಹತ್ತಿರ ಹಿಡಿದಳು. “ಇದೇ” ಎಂದಳು. ನಗಲಿಲ್ಲ. ಒಂದನ್ನು ಅಪ್ಪನಿಗೆ, ಒಂದನ್ನು ತಾತನಿಗೆ ಕೊಟ್ಟಳು. ನನಗೂ ಕೊಟ್ಟಳು, ನಾನು ತಿಂದೆ. ಹೇಗಿತ್ತೆಂದು ಕೇಳಿದರೆ ಹೇಳಲಾರೆ, ತಿಂದೆ.

ನಿಮಗೆ ಒಂದು ಕಳಿಸಬೇಕೆಂದು ಅವಳೇ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ್ದಾಳೆ. ನಾನು ತೆಗೆದು ನೋಡಿಲ್ಲ. ಶೆಟ್ಟಿಕೆರೆ ಮೇಲೆ ಹೋಗುವ ಬಸ್ಸಿನ ಕಂಡಕ್ಟರ್ ಈರಣ್ಣನ ಕೈಯಲ್ಲಿ ಈ ಕಾಗದದ ಜೊತೆ ಕೊಡುತ್ತಿದ್ದೇನೆ. ಸಾವಾದ ಮೇಲೆ ಬಿಟ್ಟ ಸಿಹಿಯನ್ನು ನಿಮ್ಮಲ್ಲಿ ಬೀಗರೇ ಕೊಟ್ಟು ಮತ್ತೆ ತಿನ್ನಿಸಬೇಕು ಎಂದು ವಿನುತಾ ಒಮ್ಮೆ ಹೇಳಿದ್ದಳು. ನಾನು ಕೊಟ್ಟರೆ ನೀವು ತಿನ್ನುತ್ತೀರೋ ಇಲ್ಲವೋ ಗೊತ್ತಿಲ್ಲ. ಇದು ಮಗು ಕೊಟ್ಟದ್ದು.

ಗಿರಿಜಾಂಬಿಕಾ


ಶೆಟ್ಟಿಕೆರೆ
7 ನವೆಂಬರ್ 2024

ಗಿರಿಜಕ್ಕಾ,

ಡಬ್ಬಿ ಸಂಜೆ ಬಂತು. ಬಿಸಿಲಿಗೆ ಪಾಕವೆಲ್ಲ ಕರಗಿ ಅಡಿಯಲ್ಲಿ ನಿಂತಿತ್ತು, ಸೇಬು ಬರಿದಾಗಿ ಅಂಟಂಟಾಗಿತ್ತು. ಬೆರಳಿನಲ್ಲಿ ಬಳಿದು ಬಾಯಿಗೆ ಇಟ್ಟುಕೊಂಡೆ. ಸಿಹಿ ಗೊತ್ತಾಗಲಿಲ್ಲ. ನಾಲಿಗೆ ಸತ್ತಿದೆ. ತಿನ್ನಲಿಲ್ಲ ಎಂದು ಮಾತ್ರ ಮಗುವಿಗೆ ಹೇಳಬೇಡಿ, ತಿಂದಿದ್ದೇನೆ.

ಸೇಬನ್ನು ತಿರುಗಿಸಿದರೆ ಹಿಂದಿನ ಕಡೆ ಕಚ್ಚಿದ ಗುರುತಿತ್ತು. ತಾನು ಒಂದು ಕಡೆ ಕಚ್ಚಿ, ಉಳಿದದ್ದನ್ನು ನನಗೆ ಕಳಿಸಿದ್ದಾಳೆ. ಬಣ್ಣ ಕಂದಿತ್ತು, ಗುರುತು ಸರಿಯಾಗಿಯೇ ಇತ್ತು. ಎರಡು ಬದಿಯಲ್ಲಿ ಹಲ್ಲು ಇಳಿದಿದೆ, ನಡುವೆ ಇಳಿದಿಲ್ಲ. ಸೇಬು ಅಲ್ಲಿ ಹಾಗೇ ಉಳಿದಿದೆ.

ಗಾನವಿಯ ಮುಂದಿನ ಹಲ್ಲು ಬಿದ್ದಿವೆ. ನೀವು ಬರೆದಿರಲಿಲ್ಲ.

ಬರೆಯಬೇಡಿ ಎಂದವಳು ನಾನೇ. ಆ ಸೇಬು ಹಿಡಿದುಕೊಂಡು ಜಗುಲಿಯ ಮೇಲೆ ಕೂತೆ. ಬಸ್ಸಿನಲ್ಲಿ ಹೊರಟರೆ ಒಂದು ಹೊತ್ತಿನ ದಾರಿ, ಏಪ್ರಿಲ್‌ನಿಂದ ನಾನು ಬರಲಿಲ್ಲ. ಅವಳ ಮುಖವನ್ನು ನೆನೆದಾಗೆಲ್ಲ ಹಲ್ಲಿದ್ದ ಮುಖವನ್ನೇ ನೆನೆಯುತ್ತಿದ್ದೆ.

ಬಿದ್ದ ಹಲ್ಲನ್ನು ಏನು ಮಾಡಿದಿರಿ? ಸಗಣಿಯಲ್ಲಿಟ್ಟು ಮನೆಯ ಮೇಲೆ ಎಸೆದರಷ್ಟೇ ಹೊಸ ಹಲ್ಲು ನೆಟ್ಟಗೆ ಬರುವುದು. ವಿನುತಾಳ ಒಂದೊಂದು ಹಲ್ಲನ್ನೂ ಇಲ್ಲಿ ಹೆಂಚಿನ ಮೇಲೆ ಎಸೆಸಿದ್ದೇನೆ. ಯಾರು ಎಸೆಸಿದರು ಎಂದು ಬರೆಯಿರಿ.

ಸಿದ್ದಗಂಗಮ್ಮ


ಬಿಳಿಗೆರೆ
11 ನವೆಂಬರ್ 2024

ಸಿದ್ದಗಂಗಕ್ಕಾ,

ಒಂದು ಜುಲೈನಲ್ಲಿ ಬಿತ್ತು, ಇನ್ನೊಂದು ದಸರಾ ಹೊತ್ತಿಗೆ. ಶಾಲೆಯಲ್ಲೇ ಬಿದ್ದವು ಎಂದಳು. ಅಲ್ಲೇ ಎಸೆದಿರಬೇಕು ಎಂದುಕೊಂಡು ನಾನು ಕೇಳಲಿಲ್ಲ. ನಿಮ್ಮ ಕಾಗದ ಬಂದ ಮೇಲೆ, ವಿನುತಾಳ ಹಲ್ಲು ನಿಮ್ಮ ಹೆಂಚಿನ ಮೇಲಿರುವ ಮಾತು ಹೇಳಿ ಕೇಳಿದೆ.

ಒಳಗೆ ಹೋಗಿ ಜಾಮಿಟ್ರಿ ಬಾಕ್ಸ್ ತಂದಳು. ಹಾಳೆಯಲ್ಲಿ ಸುತ್ತಿ ಎರಡನ್ನೂ ಇಟ್ಟುಕೊಂಡಿದ್ದಾಳೆ.

“ಯಾಕವ್ವ ಎಸೀಲಿಲ್ಲ?” ಎಂದೆ.

“ಅಮ್ಮ ಬಂದ್ಮೇಲೆ ಎಸೆಯಣ ಅಂತ ಇಟ್ಟಿದ್ದೆ.”

ಹಾಳೆಯನ್ನು ಮತ್ತೆ ಮಡಿಸಿದಳು. ಆಮೇಲೆ ತಲೆ ಎತ್ತದೆ, “ಅಮ್ಮ ಬರಲ್ಲ ಅಲ್ವಾ ಅಜ್ಜಿ” ಎಂದಳು.

“ಬರಲ್ಲ ಕಣವ್ವ.”

ಆಗ ಅತ್ತಳು. ಬಹಳ ಹೊತ್ತು ಅತ್ತಳು. ಪ್ರಸಾದ ಗಾಬರಿಯಿಂದ ಒಳಗೆ ಬಂದ, ಅವನಿಗೆ ಕಣ್ಣಲ್ಲೇ ಬೇಡ ಎಂದೆ. ಅಳಬೇಡ ಎಂದು ನಾನು ಹೇಳಲಿಲ್ಲ, ಪಕ್ಕದಲ್ಲಿ ಕೂತಿದ್ದೆ. ಅವಳ ಪಾಡಿಗೆ ಅವಳು ಅತ್ತಳು.

ಮುಖ ತೊಳೆದುಕೊಂಡು ಬಂದವಳು, “ನಮ್ಮನೆ ಮೇಲೆ ಬ್ಯಾಡ, ಕಾಯಿ ಒಣಗಿಸಕ್ಕೆ ತಾತ ಹತ್ತಿದ್ರೆ ಗುಡಿಸ್ಬುಡ್ತಾರೆ. ಶೆಟ್ಟಿಕೆರೆ ಅಜ್ಜಿ ಮನೇದು ಹೆಂಚು. ಅಮ್ಮುಂದು ಅಲ್ಲೇ ಐತಂತಲ್ಲ, ನಂದೂ ಅಲ್ಲೇ ಎಸೀತೀನಿ” ಎಂದಳು.

ಶನಿವಾರ ಬೆಳಗಿನ ಬಸ್ಸಿಗೆ ಕರೆದುಕೊಂಡು ಬರುತ್ತೇನೆ. ಸಗಣಿ ತೆಗೆದಿಟ್ಟಿರಿ. ಕೈ ಹಿಡಿದು ನೀವೇ ಎಸೆಸಬೇಕು.

ಗಿರಿಜಾಂಬಿಕಾ